ಗಗನದ ಗೆಲುವು ಯಾರ ಪಾಲಿಗೆ?

ಕರ್ಣನನ್ನು ಕೊಂದವರು ಯಾರೆಂದು ನಿಮ್ಮ ಮನೆಯ ಹುಡುಗರನ್ನು ಕೇಳಿ ನೋಡಿ. ಅರ್ಜುನನೆಂದು ಥಟ್ಟನೆ ಹೇಳಿಯಾರು. ಹಿರಿಯರು ಅಲ್ಲಿದ್ದರೆ ಅಷ್ಟಕ್ಕೆ ಒಪ್ಪುವುದಿಲ್ಲ. ಶಾಪವಿತ್ತ ಪರಶುರಾಮ, ಕವಚಕುಂಡಲಗಳನ್ನು ಬೇಡಿ ಒಯ್ದ ಇಂದ್ರ, ಮಾತು ತೆಗೆದುಕೊಂಡ ಕುಂತಿ, ಗಾಲಿಯನ್ನು ನುಂಗಿದ ಭೂಮಿ, ಹೊತ್ತಿಗೆ ಕೈಕೊಟ್ಟ ಶಲ್ಯ, ಇವರೆಲ್ಲರನ್ನೂ ಲೆಕ್ಕಕ್ಕೆ ತರುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಶತ್ರುವಿನ ವಿಮಾನಬಲವನ್ನು ಮುರಿದವರು ಯಾರೆಂಬ ಚರ್ಚೆಯೂ ಇಂಥದೇ. ಇಂಗ್ಲಿಷರು ತಾವೆನ್ನುತ್ತಾರೆ, ಅಮೆರಿಕದವರು ತಾವೆನ್ನುತ್ತಾರೆ, ರಷ್ಯದವರು ಇಬ್ಬರನ್ನೂ ನೋಡಿ ನಗುತ್ತಾರೆ.

ರಾಯಚೂರು, ಮಾನ್ವಿ, ದೇವದುರ್ಗಗಳ ನಮಗೆ ಇದರ ಗೊಡವೆಯೇನು ಎಂದೀರಿ. ಗೊಡವೆ ಉಂಟು. 1948ರವರೆಗೆ ಕೃಷ್ಣಾ ತುಂಗಭದ್ರೆಗಳ ನಡುವಣ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1918ರಲ್ಲಿಯೇ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹಣದಿಂದ ಬ್ರಿಟಿಷರ 110ನೆಯ ದಳಕ್ಕೆ ವಿಮಾನಗಳು ಬಂದು, ಆ ದಳಕ್ಕೆ ಹೈದರಾಬಾದಿನ ಹೆಸರು ಸೇರಿತು. ಎರಡನೆಯ ಯುದ್ಧದಲ್ಲಿ 152 ಮತ್ತು 253ನೆಯ ದಳಗಳೂ ಅದೇ ಹೆಸರನ್ನು ಹೊತ್ತವು. 152ರ ಲಾಂಛನದಲ್ಲಿದ್ದುದು ನಿಜಾಮರ ಶಿರೋವೇಷ್ಟನ. ಅದರ ಕೆಳಗೆ ‘ನಂಬುಗೆಯ ಮಿತ್ರ’ ಎಂಬರ್ಥದ ಇಂಗ್ಲಿಷ್ ಮಾತು. ದೊರೆಯ ದಾನವೆಂದು ಕಾಗದದಲ್ಲಿ ಬರೆದಿರಬಹುದು. ದೊರೆಯ ಬೊಕ್ಕಸ ತುಂಬಿದ್ದು ಜೋಳ, ಹತ್ತಿ ಬೆಳೆದವರ ಬೆವರಿನಿಂದಲ್ಲವೆ? ಆದುದರಿಂದ ಈ ವಾದದಲ್ಲಿ ಒಂದು ಮೂಲೆಯ ಚಾಪೆ ನಮಗೂ ಸಲ್ಲಬೇಕು.

152ರ ಸ್ಪಿಟ್‌ಫೈರ್ ವಿಮಾನಗಳು 1940ರ ಬೇಸಗೆಯಲ್ಲಿ ಇಂಗ್ಲೆಂಡಿನ ತೆಂಕಣ ಕರಾವಳಿಯ ವಾರ್ಮ್‌ವೆಲ್ ಎಂಬಲ್ಲಿ ನಿಂತು ಹೋರಾಡಿದವು. ಆ ವರ್ಷದ ಬ್ರಿಟನ್ ಸಮರದಲ್ಲಿ ಹಾರಿದ ಸುಮಾರು 3,000 ವೈಮಾನಿಕರಲ್ಲಿ ಎಲ್ಲರೂ ಇಂಗ್ಲಿಷರಲ್ಲ. ನ್ಯೂಜಿಲೆಂಡಿನವರು, ಕೆನಡದವರು, ಚೆಕ್ಕರು ಇದ್ದರು. 145 ಮಂದಿ ಪೋಲೆಂಡಿನವರಿದ್ದರು. ಆಗಸ್ಟ್ ಕೊನೆಗೆ ಕಣಕ್ಕಿಳಿದ 303ನೆಯ ಪೋಲಿಷ್ ದಳ ಕೆಲವೇ ವಾರಗಳಲ್ಲಿ 126 ವಿಮಾನಗಳನ್ನು ಕೆಡವಿದೆವೆಂದು ಲೆಕ್ಕ ಕೊಟ್ಟಿತು. ಇಂಥವರ ದೇಶದ ಸೇನೆ 1946ರ ಜೂನಿನಲ್ಲಿ ಲಂಡನ್ನಿನಲ್ಲಿ ನಡೆದ ವಿಜಯದ ಮೆರವಣಿಗೆಯಲ್ಲಿ ಕಾಣಲಿಲ್ಲ.

ಲೆಕ್ಕದ ಮಾತು ಬಂದುದರಿಂದ ರೇಡಿಯೋ ಇಟ್ಟುಕೊಂಡಿರುವ ನಿಮಗೆ ಒಂದು ಸಂಗತಿ ಹೇಳಬೇಕು. 1940ರ ಸೆಪ್ಟೆಂಬರ್ 15ರಂದು ಜರ್ಮನರ 185 ವಿಮಾನಗಳು ಬಿದ್ದವೆಂದು ಲಂಡನ್ ಸಾರಿತು. ಯುದ್ಧ ಮುಗಿದ ಮೇಲೆ ಜರ್ಮನರ ದಾಖಲೆಗಳನ್ನು ತೆರೆದು ನೋಡಿದರೆ ಅಂದು ಬಿದ್ದವು ಅರುವತ್ತರ ಸುತ್ತ. ಇದು ಬೇಕೆಂದು ಹೇಳಿದ ಸುಳ್ಳೆನ್ನಲಾಗದು. ಒಂದೇ ವಿಮಾನಕ್ಕೆ ಮೂವರು ಗುಂಡು ಹಾರಿಸಿ, ಮೂವರೂ ತಮ್ಮದೆಂದು ಬರೆಸಿದರೆ ಲೆಕ್ಕ ಹೀಗೆಯೇ ಉಬ್ಬುತ್ತದೆ.

ಆಮೇಲಿನ ಕಥೆಯಲ್ಲಿ ಬ್ರಿಟಿಷ್ ಬಾಂಬರುಗಳು ರಾತ್ರಿಯ ಹೊತ್ತು, ಅಮೆರಿಕದವು ಹಗಲಿನಲ್ಲಿ ಜರ್ಮನಿಯ ಮೇಲೆ ಹೋದವು. ಬ್ರಿಟಿಷರ ಬಾಂಬರ್ ಪಡೆಯಲ್ಲಿ 55,573 ಮಂದಿ ಮಡಿದರು; ಅಮೆರಿಕದ ಎಂಟನೆಯ ವಾಯುಪಡೆಯಲ್ಲಿ 26,000ಕ್ಕೂ ಹೆಚ್ಚು. ಬೆಂಗಾವಲಿಲ್ಲದೆ ಹಗಲಿನಲ್ಲಿ ಹೋದ ಬಾಂಬರುಗಳು ಹುಳುಗಳಂತೆ ಉದುರುತ್ತಿದ್ದವು. 1944ರ ಮೊದಲ ತಿಂಗಳುಗಳಲ್ಲಿ ಬರ್ಲಿನ್ನಿನವರೆಗೂ ಹೋಗಿ ಮರಳಬಲ್ಲ ಮುಸ್ತಾಂಗ್ ಎಂಬ ಕಾದಾಟದ ವಿಮಾನ ಜೊತೆಗೆ ಬಂದ ಮೇಲೆ ಜರ್ಮನರ ನುರಿತ ವೈಮಾನಿಕರು ಒಬ್ಬೊಬ್ಬರಾಗಿ ಕಳೆದುಹೋದರು. ಯುರೋಪಿನ ಪಡುವಣ ಬಾನಿನ ಮಟ್ಟಿಗೆ ಅಮೆರಿಕದ ತಟ್ಟೆಯೇ ಕೆಳಗಿಳಿಯುತ್ತದೆಂದು ನನ್ನ ತೂಕ. ಆದರೆ ಈ ಮುಸ್ತಾಂಗ್ ಯಾರದು? ಬ್ರಿಟಿಷರ ಬೇಡಿಕೆಯ ಮೇರೆಗೆ ಅಮೆರಿಕದಲ್ಲಿ ರೂಪುಗೊಂಡಿತು. ಮೊದಲಿನ ಯಂತ್ರ ಎತ್ತರದಲ್ಲಿ ಏದುಸಿರು ಬಿಡುತ್ತಿತ್ತು. 1942ರಲ್ಲಿ ಇಂಗ್ಲೆಂಡಿನ ಮರ್ಲಿನ್ ಯಂತ್ರವನ್ನು ಕೂಡಿಸಿ ನೋಡಿದರು, ಹಕ್ಕಿ ಗರುಡನಾಯಿತು. ಆ ಮರ್ಲಿನ್ನನ್ನು ಅಮೆರಿಕದಲ್ಲಿ ತಯಾರಿಸಿದ್ದು ಡೆಟ್ರಾಯಿಟ್ಟಿನ ಪ್ಯಾಕರ್ಡ್ ಕಾರಖಾನೆ. ಸೊಸೆಯ ಅಡಿಗೆಯೋ ಅತ್ತೆಯ ಮಸಾಲೆಯೋ, ಬಿಡಿಸುವುದು ಕಷ್ಟ.

ರಷ್ಯದವರ ವಾದವನ್ನೂ ತಳ್ಳಿಹಾಕುವಂತಿಲ್ಲ. ಇಲ್ಯೂಷಿನ್-2 ಎಂಬ ಒಂದೇ ಬಗೆಯ ವಿಮಾನವನ್ನು ಅವರು 36,000ಕ್ಕೂ ಮಿಕ್ಕಿ ಕಟ್ಟಿದರು. ಜರ್ಮನಿಯ ಬಲ ಮೂರು ದಿಕ್ಕಿಗೆ ಹರಿದುಹೋಗಿರದಿದ್ದರೆ ಮುಸ್ತಾಂಗ್ ಒಂದೇ ಏನು ಮಾಡೀತು?

ನಮ್ಮ ಬಾಗಿಲಿಗೆ ಹತ್ತಿರದ ರಣರಂಗ ಬರ್ಮಾ. ಅಲ್ಲಿ ನನಗೆ ದೊಡ್ಡವರಾಗಿ ಕಾಣುವವರು ಗುಂಡು ಹಾರಿಸಿದವರಲ್ಲ, ಮೂಟೆ ಹೊತ್ತವರು. 1944ರ ಮಾರ್ಚಿನಲ್ಲಿ ಒಂದು ಭಾರತೀಯ ಡಿವಿಜನ್ನನ್ನೇ ಅರಕಾನಿನಿಂದ ಇಂಫಾಲದ ಕಡೆಗೆ ವಿಮಾನಗಳಲ್ಲಿ ಸಾಗಿಸಿದರು. ಆಮೇಲೆ ಜಪಾನೀಯರು ರಸ್ತೆಯನ್ನು ಕಡಿದುಹಾಕಿದಾಗ, ಜೂನ್ 22ರಂದು ಅದು ತೆರೆಯುವತನಕ, ಸುಮಾರು ಒಂದೂವರೆ ಲಕ್ಷ ಜನರಿಗೆ ಅಕ್ಕಿ, ಎಣ್ಣೆ, ಮದ್ದುಗುಂಡು ಬಂದುದು ಬ್ರಿಟಿಷರ, ಅಮೆರಿಕದವರ ಸಾಗಣೆಯ ವಿಮಾನಗಳಲ್ಲಿ. ಗಾಯಾಳುಗಳು ಹಿಂದಿರುಗಿದ್ದೂ ಅವುಗಳಲ್ಲಿಯೇ. ಅರ್ಜನ್ ಸಿಂಗರ ನೇತೃತ್ವದ ಭಾರತೀಯ ಒಂದನೆಯ ದಳ ಇಂಫಾಲದಲ್ಲಿಯೇ ನಿಂತು, ತನ್ನ ಹರಿಕೇನ್ ವಿಮಾನಗಳಲ್ಲಿ ಕಣಿವೆಗಳ ಮೇಲೆ ಹಾರಾಡಿ ಶತ್ರುವಿನ ಚಲನವಲನಗಳನ್ನು ಕಂಡು ತಂದಿತು. ಹೈದರಾಬಾದಿನ ಹೆಸರಿನ 152 ಕೂಡ 1943ರ ಕೊನೆಗೆ ಈ ರಂಗಕ್ಕೆ ಬಂದಿತ್ತು.

ಬೆಂಗಳೂರನ್ನು ಮರೆಯಬಾರದು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಆರಂಭಿಸಿದ ಹಿಂದೂಸ್ತಾನ್ ವಿಮಾನ ಕಾರಖಾನೆ 1943ರಿಂದ ಅಮೆರಿಕದ ವಾಯುಪಡೆಯ ರಿಪೇರಿ ಕೇಂದ್ರವಾಗಿತ್ತು. ಬರ್ಮಾದ ಮಳೆಯಲ್ಲಿ ಸೊರಗಿದ ಯಂತ್ರಗಳನ್ನು ಬಿಚ್ಚಿ, ತೊಳೆದು, ಕೂಡಿಸಿ ಕಳುಹಿಸಿದ ಕೈಗಳಲ್ಲಿ ಕನ್ನಡಿಗರ ಕೈಗಳೂ ಇದ್ದವು. ವೈಮಾನಿಕನ ಎದೆಗೆ ಪದಕ ಬಂತು. ಸ್ಪ್ಯಾನರ್ ಹಿಡಿದವನಿಗೆ ಬಂದುದು ತಿಂಗಳ ಸಂಬಳ.

ಇದೇನು ಹೊಸದಲ್ಲ. 1520ರಲ್ಲಿ ಕೃಷ್ಣದೇವರಾಯ ನಮ್ಮ ರಾಯಚೂರು ಕೋಟೆಯನ್ನು ಆದಿಲ್‌ಶಾಹಿಯವರಿಂದ ಗೆದ್ದುಕೊಂಡ ಕಥೆಯನ್ನು ವಿಸ್ತಾರವಾಗಿ ಬರೆದಿಟ್ಟವನು ನ್ಯೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ. ಅವನ ಬರಹದಲ್ಲಿ ಮುತ್ತಿಗೆಯ ಬಿಗಿ ಸಡಿಲಿಸಿದವನು ಕ್ರಿಸ್ಟೋವಾ ದ ಫಿಗೇರೆದು, ಜೊತೆಗೆ 20 ಮಂದಿ ಬಂದೂಕಿನ ಪೋರ್ಚುಗೀಸರು. ಗೋಡೆಯ ಮೇಲೆ ತಲೆ ಎತ್ತಿದವರನ್ನು ಇವರು ಹೊಡೆದರಂತೆ. ಬಂದೂಕು ಕೆಲಸ ಮಾಡಿರಬೇಕು, ಅನುಮಾನವಿಲ್ಲ. ಆದರೆ ಅದೇ ನ್ಯೂನಿಜ್, ಗೋಡೆಯಿಂದ ಕಿತ್ತು ತಂದ ಕಲ್ಲಿನ ಗಾತ್ರಕ್ಕೆ ತಕ್ಕಂತೆ ಆಳುಗಳಿಗೆ ಹಣ ಸಿಕ್ಕಿತೆಂದೂ ಬರೆದಿದ್ದಾನೆ. ಹಾರೆ ಹಿಡಿದು ಆ ಕಲ್ಲು ಕಿತ್ತವರ ಒಂದು ಹೆಸರೂ ನಮಗೆ ಉಳಿದಿಲ್ಲ. ಲೇಖಣಿ ಅವರಲ್ಲೊಬ್ಬನ ಕೈಯಲ್ಲಿ ಇದ್ದಿದ್ದರೆ ಫಿಗೇರೆದುವಿಗೆ ಎಷ್ಟು ಸಾಲು ಸಿಗುತ್ತಿತ್ತೋ!

152ನೆಯ ದಳವನ್ನು ಯುದ್ಧದ ತರುವಾಯ ಒಂದೆರಡು ಸಲ ಮುಚ್ಚಿ ತೆರೆದರು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ರಾಯಚೂರು ಕನ್ನಡನಾಡಿಗೆ ಸೇರಿತು. ಆದರೂ ದೂರದ ಬಹ್ರೇನಿನಲ್ಲಿ ನೆಲೆಸಿದ್ದ ಆ ದಳದ ಲಾಂಛನದಲ್ಲಿ ಹೈದರಾಬಾದಿನ ಶಿರೋವೇಷ್ಟನ ಹಾಗೆಯೇ ಇತ್ತು. 1967ರ ಫೆಬ್ರವರಿಯಲ್ಲಿ ಉಸ್ಮಾನ್ ಅಲಿ ಖಾನರು ತೀರಿಕೊಂಡರು. ದಳವನ್ನು ವಿಸರ್ಜಿಸಿದ್ದೂ ಅದೇ ವರ್ಷ.