ಒಳ ಉಡುಪಿನ ಪ್ರಶ್ನೆ: ಆರೋಗ್ಯ, ನೆಮ್ಮದಿ, ಸಂಕೋಚ

(ಸಂಘದ ಮಹಿಳಾ ವಿಭಾಗವು ಏರ್ಪಡಿಸಿದ್ದ ಆರೋಗ್ಯ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಪಠ್ಯ)



ಹೆಂಗಸರು ಬ್ರಾ ತೊಡುವುದು ಅವರ ಆರೋಗ್ಯಕ್ಕೂ ನೆಮ್ಮದಿಗೂ ಹಿತವೇ ಎಂಬುದು ನಾನು ಇಂದು ಎತ್ತಿಕೊಂಡಿರುವ ವಿಷಯ. ಇಂತಹ ವಿಷಯವನ್ನು ಸಭೆಯಲ್ಲಿ ಆಡಬಹುದೇ ಎಂದು ಕೆಲವರಿಗೆ ಅನ್ನಿಸಿರಬಹುದು. ದಿನಕ್ಕೆ ಹನ್ನೆರಡು, ಹದಿನಾಲ್ಕು ಗಂಟೆ ಮೈಮೇಲಿರುವ ಉಡುಪಿನ ಬಗ್ಗೆ ತಾಯಿ ಮಗಳೊಡನೆ ಕೂಡ ಪಿಸುಮಾತಿನಲ್ಲಿ ಮಾತನಾಡಬೇಕಾದ ಸ್ಥಿತಿ ನಮ್ಮಲ್ಲಿರುವುದರಿಂದಲೇ ನಾನು ಇದನ್ನು ಆರಿಸಿಕೊಂಡೆ.

ನಾನು ವೈದ್ಯೆಯಲ್ಲ. ಕೇಂದ್ರ ಸರ್ಕಾರದ ಸೇವೆಯಲ್ಲಿ ಮೂರು ದಶಕ ಕಳೆದವಳು. ಮೇಜಿಗೆ ಬಂದ ಕಡತದಲ್ಲಿ ಆಧಾರವುಳ್ಳ ಸಂಗತಿ ಯಾವುದು, ಬರಿಯ ಹೇಳಿಕೆ ಯಾವುದು ಎಂದು ವಿಂಗಡಿಸುವುದು ನಮ್ಮ ವೃತ್ತಿಯ ಅಭ್ಯಾಸ. ಈ ವಿಷಯವನ್ನೂ ಅದೇ ರೀತಿ ವಿಂಗಡಿಸಿ ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಭಯದ ಮಾತು. ಬ್ರಾ ತೊಡುವುದರಿಂದ ಸ್ತನದ ಕ್ಯಾನ್ಸರ್ ಬರುತ್ತದೆಂಬ ನಂಬಿಕೆ ಓದಿದವರಲ್ಲಿಯೂ ಇದೆ. 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡ್ರೆಸ್ಡ್ ಟು ಕಿಲ್' ಎಂಬ ಪುಸ್ತಕ ಇದಕ್ಕೆ ಬಹಳ ಪ್ರಚಾರ ಕೊಟ್ಟಿತು. ಬಿಗಿಯಾದ ಉಡುಪು ದುಗ್ಧರಸದ ಹರಿವನ್ನು ತಡೆಯುತ್ತದೆ, ಕಶ್ಮಲ ಅಲ್ಲಿಯೇ ಉಳಿದು ರೋಗವಾಗುತ್ತದೆ ಎಂಬುದು ಅದರ ವಾದ. ಆದರೆ ವಯಸ್ಸು, ಮೈತೂಕ, ಹೆರಿಗೆ ಮುಂತಾದ ತಿಳಿದ ಕಾರಣಗಳನ್ನು ಲೇಖಕರು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸಿಯಾಟಲ್ ನಗರದ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು 2014ರಲ್ಲಿ ಇದನ್ನೇ ಕ್ರಮವಾಗಿ ಪರಿಶೀಲಿಸಿದರು. ಕ್ಯಾನ್ಸರ್ ಬಂದಿದ್ದ ಸಾವಿರಕ್ಕೂ ಹೆಚ್ಚು ಮಹಿಳೆಯರನ್ನೂ ಬಾರದಿದ್ದ 469 ಮಂದಿಯನ್ನೂ ಹೋಲಿಸಿದರು. ಎಲ್ಲರೂ ಮುಟ್ಟು ನಿಂತವರು. ಯಾವ ವಯಸ್ಸಿನಲ್ಲಿ ತೊಡಲಾರಂಭಿಸಿದರು, ದಿನಕ್ಕೆ ಎಷ್ಟು ಗಂಟೆ ತೊಟ್ಟರು, ಒಳಗೆ ತಂತಿ ಇತ್ತೇ ಎಂದೆಲ್ಲ ವಿಚಾರಿಸಿದರು. ಇವುಗಳಲ್ಲಿ ಯಾವುದಕ್ಕೂ ರೋಗದೊಡನೆ ಸಂಬಂಧ ಕಂಡುಬರಲಿಲ್ಲ.

ಎರಡನೆಯದು ಹಿರಿಯರ ಮಾತು. ತೊಡದಿದ್ದರೆ ಎದೆ ಜೋಲು ಬೀಳುತ್ತದೆ ಎಂದು ಹುಡುಗಿಯರನ್ನು ಹೆದರಿಸುತ್ತೇವೆ. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಶಸ್ತ್ರವೈದ್ಯರ ಒಂದು ಅಧ್ಯಯನದಲ್ಲಿ ಎದೆ ಸಡಿಲಗೊಳ್ಳಲು ವಯಸ್ಸು, ಗರ್ಭಧಾರಣೆಗಳ ಸಂಖ್ಯೆ, ಮೈತೂಕ, ಧೂಮಪಾನ ಇವು ಕಾರಣಗಳೆಂದು ತಿಳಿದುಬಂತು. ಮಗುವಿಗೆ ಹಾಲೂಡುವುದು ಕಾರಣವಲ್ಲವೆಂದೂ ಸ್ಪಷ್ಟವಾಯಿತು. ಇದಕ್ಕೆ ತದ್ವಿರುದ್ಧವಾಗಿ, ಬ್ರಾ ತೊಡದಿರುವುದೇ ಮೇಲೆಂದು ಫ್ರಾನ್ಸಿನ ಪ್ರಾಧ್ಯಾಪಕ ರೂಯೋಂ 2013ರಲ್ಲಿ ಹೇಳಿ ಸುದ್ದಿಯಾದರು. ಅವರು ಗಮನಿಸಿದ್ದು ಯುವತಿಯರನ್ನು ಮಾತ್ರ. ಎಲ್ಲರಿಗೂ ಇದನ್ನು ಅನ್ವಯಿಸಬಾರದೆಂದು ಅವರೇ ಎಚ್ಚರಿಸಿದ್ದರು.

ಹಾಗಾದರೆ ಈ ಉಡುಪಿನ ನಿಜವಾದ ಪ್ರಯೋಜನವೇನು? ಸ್ತನದೊಳಗೆ ಅದನ್ನು ಎತ್ತಿ ಹಿಡಿಯುವ ಸ್ನಾಯುವಿಲ್ಲ. ಚರ್ಮವೂ ತೆಳುವಾದ ತಂತುಗಳೂ ಮಾತ್ರ ಆಧಾರ. ಆದ್ದರಿಂದ ಓಡುವಾಗ, ಮೆಟ್ಟಿಲು ಇಳಿಯುವಾಗ ಅಲುಗಾಟ ಹೆಚ್ಚಿ ನೋವಾಗುತ್ತದೆ. 2012ರ ಲಂಡನ್ ಮ್ಯಾರಥಾನಿನ ಓಟಗಾರ್ತಿಯರನ್ನು ವಿಚಾರಿಸಿದಾಗ ಸುಮಾರು ಮೂರರಲ್ಲಿ ಒಬ್ಬರು ಎದೆನೋವನ್ನು ಹೇಳಿಕೊಂಡರು. ಎದೆನೋವಿನಿಂದ ಬಳಲುತ್ತಿದ್ದ ಮಹಿಳೆಯರ ಮೇಲೆ ಸೌದಿ ಅರೇಬಿಯಾದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಡ್ಯಾನಜೋಲ್ ಎಂಬ ಔಷಧಿಯಿಂದ ಶೇಕಡಾ 58ರಷ್ಟು ಮಂದಿಗೆ ಉಪಶಮನ ದೊರೆತರೆ, ಗಟ್ಟಿ ಆಧಾರ ಕೊಡುವ ಬ್ರಾದಿಂದಲೇ ಶೇಕಡಾ 85ರಷ್ಟು ಮಂದಿಗೆ ದೊರೆಯಿತು. ಮೈಭಾರವುಳ್ಳವರಿಗೆ, ಆಟವಾಡುವ ಹುಡುಗಿಯರಿಗೆ, ಬಸುರಿಯರಿಗೆ, ಹಾಲೂಡುವ ತಾಯಂದಿರಿಗೆ ಇದು ಉಪಕಾರಿ. ಇತರರಿಗೆ ಇದು ಇಷ್ಟಾನಿಷ್ಟದ ಮಾತು. ರಾತ್ರಿ ಮಲಗುವಾಗ ತೊಡಲೇಬೇಕೆಂಬುದಕ್ಕಾಗಲಿ, ತೊಡಲೇಬಾರದೆಂಬುದಕ್ಕಾಗಲಿ ಆಧಾರವಿಲ್ಲ.

ಉಪಕಾರವಾಗಬೇಕಾದರೆ ಅಳತೆ ಸರಿಯಿರಬೇಕು. ನಮ್ಮ ಅಜ್ಜಿಯರು ಗುಳೇದಗುಡ್ಡದ ಖಣದಲ್ಲಿ ಹೊಲಿಸಿ, ಮುಂದೆ ಗಂಟು ಹಾಕಿ ತೊಡುತ್ತಿದ್ದ ಕುಪ್ಪಸವನ್ನು ನೆನೆಯಿರಿ. ಅದನ್ನು ತೊಡುವವಳ ಮೈ ನೋಡಿಯೇ ಕತ್ತರಿಸುತ್ತಿದ್ದರು. ಊಟವಾದ ಮೇಲೆ, ಬಸುರಾದಾಗ ಗಂಟನ್ನು ಸಡಿಲಿಸಿಕೊಳ್ಳಬಹುದಾಗಿತ್ತು. ಕಾರ್ಖಾನೆಯ ಉಡುಪಿಗೆ ಆ ಔದಾರ್ಯವಿಲ್ಲ. ಇಂದು ರವಿಕೆಗಾಗಿ ದರ್ಜಿಯ ಬಳಿಗೆ ಎರಡು ಸಲ ಹೋಗಿ ತೋಳು ಬಿಗಿಯಾಯಿತೆಂದು ಜಗಳವಾಡುವ ನಾವು, ಬ್ರಾ ಕೊಳ್ಳುವಾಗ ಅಂಗಡಿಯವನ ಮುಖ ನೋಡದೆ ಒಂದು ಸಂಖ್ಯೆ ಹೇಳಿ, ಕಾಗದದಲ್ಲಿ ಸುತ್ತಿಸಿಕೊಂಡು ಓಡಿ ಬರುತ್ತೇವೆ. ಮದುವೆಯ ಕಾಲದ ಅಳತೆಯನ್ನೇ ಮೂರು ಮಕ್ಕಳಾದ ಮೇಲೂ ಹೇಳುವವರಿದ್ದಾರೆ. ಪರಿಣಾಮವಾಗಿ ಭುಜದಲ್ಲಿ ಗೆರೆ ಬೀಳುತ್ತದೆ, ಕುತ್ತಿಗೆ ನೋಯುತ್ತದೆ. ಭಾರವನ್ನು ಭುಜದ ಪಟ್ಟಿಗಿಂತ ಎದೆಯ ಕೆಳಗಿನ ಪಟ್ಟಿ ಹೊರಬೇಕು. ಅದು ಬೆನ್ನಿನ ಕಡೆ ಮೇಲಕ್ಕೆ ಏರಬಾರದು, ಅದರೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಇಷ್ಟು ತಿಳಿದರೆ ಸಾಕು.

ನಮ್ಮ ಮುಂಬಯಿಯ ಸೆಕೆಯನ್ನೂ ಮರೆಯುವಂತಿಲ್ಲ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಬೆವರಿ, ಅದೇ ಉಡುಪಿನಲ್ಲಿ ಅಡಿಗೆಮನೆ ಹೊಕ್ಕು ರಾತ್ರಿ ಹತ್ತರವರೆಗೆ ದುಡಿಯುವ ನಮ್ಮ ಸೋದರಿಯರಿಗೆ ಎದೆಯ ಕೆಳಗಿನ ಮಡಿಕೆಯಲ್ಲಿ ತುರಿಕೆ, ಶಿಲೀಂಧ್ರದ ಸೋಂಕು ಸಾಮಾನ್ಯ. ಚಾಳಿನ ಪಡಸಾಲೆಯಲ್ಲಿ ಗಂಡಸಿನ ಬನಿಯನ್ನು ಬಿಸಿಲಿಗೆ ತೂಗುತ್ತದೆ. ಹೆಂಗಸಿನ ಒಳ ಉಡುಪು ಟವೆಲಿನ ಕೆಳಗೆ, ಕತ್ತಲೆ ಮೂಲೆಯಲ್ಲಿ ಒಣಗದೆಯೇ ಮರುದಿನ ಮೈಗೇರುತ್ತದೆ. ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಹತ್ತಿಯ ಬಟ್ಟೆ, ದಿನವೂ ಬದಲಾವಣೆ, ಬಿಸಿಲು ಗಾಳಿಯಲ್ಲಿ ಒಣಗಿಸುವುದು, ಮನೆಗೆ ಬಂದೊಡನೆ ಕಳಚಿಡುವ ಸ್ವಾತಂತ್ರ್ಯ ಇವು ವೈದ್ಯರ ಖರ್ಚಿಲ್ಲದ ಚಿಕಿತ್ಸೆಗಳು. ಅದಕ್ಕೆ ಮನೆಯವರ ಒಪ್ಪಿಗೆಯ ನೋಟವೊಂದು ಬೇಕು, ಅಷ್ಟೇ.

ಹೆಣ್ಣಿನ ಎದೆಯ ಮೇಲಿನ ಬಟ್ಟೆಯನ್ನು ಬೇರೆಯವರು ನಿರ್ಣಯಿಸುವುದು ಹೊಸದೇನಲ್ಲ. ತಿರುವಾಂಕೂರಿನಲ್ಲಿ ಶಾನಾರ್ ಜಾತಿಯ ಮಹಿಳೆಯರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿ, ಏಟು ತಿಂದು, 1859ರಲ್ಲಿ ರಾಜಾಜ್ಞೆ ಪಡೆಯಬೇಕಾಯಿತು. 1968ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಸೌಂದರ್ಯ ಸ್ಪರ್ಧೆಯನ್ನು ವಿರೋಧಿಸಿದ ಸ್ತ್ರೀಯರು ಬ್ರಾಗಳನ್ನು ಕಸದ ಡಬ್ಬಿಗೆ ಎಸೆದರು. ಸುಟ್ಟರೆಂಬುದು ಪತ್ರಿಕೆಗಳು ಹುಟ್ಟಿಸಿದ ಕತೆ. ಒಂದು ಕಡೆ ತೊಡುವ ಹಕ್ಕು, ಇನ್ನೊಂದು ಕಡೆ ಬಿಡುವ ಹಕ್ಕು. ಎರಡೂ ಕಡೆ ಅವರು ಕೇಳಿದ್ದು ನಿರ್ಣಯ ತಮ್ಮದಾಗಿರಲಿ ಎಂದೇ.

ಈ ಸಂಕೋಚಕ್ಕೆ ನಾವು ತೆರುವ ಬೆಲೆ ತುರಿಕೆ, ಭುಜನೋವುಗಳಿಗೆ ಮುಗಿಯುವುದಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸುಮಾರು 1.92 ಲಕ್ಷ ಮಹಿಳೆಯರಿಗೆ ಹೊಸದಾಗಿ ಸ್ತನದ ಕ್ಯಾನ್ಸರ್ ಪತ್ತೆಯಾಯಿತು. ಬ್ರಾ ಇದಕ್ಕೆ ಕಾರಣವಲ್ಲ. ಆದರೆ ಅಂಗಡಿಯಲ್ಲಿ ಅಳತೆ ಹೇಳಲು ನಾಚುವ ನಾಲಿಗೆ, ನೋವಿಲ್ಲದ ಗಂಟೊಂದು ಕೈಗೆ ಸಿಕ್ಕಾಗ ವೈದ್ಯರ ಮುಂದೆಯೂ ನಾಚುತ್ತದೆ. ತಿಂಗಳುಗಳು ಕಳೆದುಹೋಗುತ್ತವೆ.

ನಮ್ಮ ಈ ನಗರದಲ್ಲಿಯೇ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಒಂದು ದೊಡ್ಡ ಕಾರ್ಯವನ್ನು ಆರಂಭಿಸಿದರು. ಕೊಳೆಗೇರಿಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರು ಅದರಲ್ಲಿ ಸೇರಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಗೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಎದೆಯನ್ನು ಪರೀಕ್ಷಿಸಿದರು. ಯಂತ್ರವಿಲ್ಲ, ದೊಡ್ಡ ಖರ್ಚಿಲ್ಲ. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಐವತ್ತು ಮೀರಿದವರಲ್ಲಿ ಈ ರೋಗದಿಂದಾಗುವ ಸಾವು ಸುಮಾರು ಶೇಕಡಾ 30ರಷ್ಟು ಇಳಿದಿತ್ತು. ಅದಕ್ಕಿಂತ ಕಿರಿಯರಲ್ಲಿ ಅಂತಹ ಇಳಿಕೆ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಕೊಳೆಗೇರಿಯ ಆ ತಾಯಂದಿರು ಸಂಕೋಚವನ್ನು ಬದಿಗಿಟ್ಟುದರಿಂದ ಆದ ಲಾಭವಿದು. ಈ ಸಭೆಯಲ್ಲಿ ಕುಳಿತ, ಪದವಿ ಪಡೆದ ನಮಗೆ ಅದು ಸಾಧ್ಯವಾಗಬಾರದೇ?

ಆದ್ದರಿಂದ ಸಂಘಕ್ಕೆ ನನ್ನ ಸೂಚನೆ ಎರಡು. ವರ್ಷಕ್ಕೊಮ್ಮೆ ರಾಜ್ಯೋತ್ಸವದ ತಿಂಗಳಿನಲ್ಲಿ, ಮಹಿಳಾ ವೈದ್ಯರಿಂದ ಸ್ತನ ಪರೀಕ್ಷೆಯ ಶಿಬಿರವೊಂದನ್ನು ಈ ಸಭಾಂಗಣದಲ್ಲಿಯೇ ನಡೆಸಬೇಕು. ಐವತ್ತು ದಾಟಿದ ಸದಸ್ಯೆಯರು, ನಾನೂ ಸೇರಿ, ಮೊದಲ ಸಾಲಿನಲ್ಲಿ ನಿಲ್ಲಬೇಕು. ಹಾಗೆಯೇ ಹದಿಹರೆಯದ ಹುಡುಗಿಯರಿಗೂ ಅವರ ತಾಯಂದಿರಿಗೂ ಈ ವಿಷಯವನ್ನು ಕನ್ನಡದಲ್ಲಿ ತಿಳಿಹೇಳುವ ಒಂದು ಮಧ್ಯಾಹ್ನವನ್ನು ಮೀಸಲಿಡಬೇಕು. ಮೈಯ ಕಷ್ಟವನ್ನು ತಾಯಿನುಡಿಯಲ್ಲಿ ಹೇಳಿಕೊಳ್ಳಲಾಗದಿದ್ದರೆ ಪರನಾಡಿನಲ್ಲಿ ನಾವು ಆ ನುಡಿಯನ್ನು ಉಳಿಸಿಕೊಂಡು ಏನು ಪ್ರಯೋಜನ?