ಮನುಷ್ಯನಿಗಿಂತ ಮೊದಲು ಇಳಿಯತಕ್ಕ ಯಂತ್ರ
(ಹೆಸರಘಟ್ಟದಲ್ಲಿ ವಿದ್ಯಾರ್ಥಿಗಳನ್ನುದ್ದೇಶಿಸಿ ಮಾಡಿದ ಉಪನ್ಯಾಸ)



ಅಪಾಯಕರವಾದ ಎಡೆಗಳನ್ನು ಮನುಷ್ಯನಿಗಿಂತ ಮೊದಲು ಹೊಕ್ಕು ನೋಡಿಬರುವ ರೋಬೋಟಿಗೆ ತಂತ್ರಾಂಶವನ್ನು ರಚಿಸಹೊರಟ ವಿದ್ಯಾರ್ಥಿಗಳು ತಮ್ಮ ಯೋಜನೆಯನ್ನು ಹೇಗೆ ಹಾಕಿಕೊಳ್ಳತಕ್ಕದ್ದು ಎಂಬುದೇ ಈ ದಿನದ ನನ್ನ ವಿಷಯ.

ಇದಕ್ಕೂ ಹೆಸರಘಟ್ಟಕ್ಕೂ ಸಂಬಂಧವೇನೆಂದು ತಾವು ಕೇಳಬಹುದು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1894ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಇಲ್ಲಿ ಕಟ್ಟಿದ ಕೆರೆಯಿಂದ ಬೆಂಗಳೂರಿಗೆ ಕೊಳಾಯಿಯ ನೀರು ಹರಿದುಹೋಯಿತು. ಆ ಮಹಾಕಾರ್ಯವನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ ಮನೆಯೊಳಕ್ಕೆ ಬಂದ ನೀರು ಹೊರಕ್ಕೂ ಹೋಗಬೇಕಷ್ಟೆ. ನಗರಗಳಲ್ಲಿ ಅದು ಒಳಚರಂಡಿಯನ್ನು ಸೇರುತ್ತದೆ. ಚರಂಡಿ ಕಟ್ಟಿಕೊಂಡಾಗ ಮ್ಯಾನ್‌ಹೋಲಿಗೆ ಮನುಷ್ಯನನ್ನೇ ಇಳಿಸುವ ದುಷ್ಟ ಪದ್ಧತಿಯು ಬೆಳೆದು, ಇಳಿದವರಲ್ಲಿ ಅನೇಕರು ಮೇಲಕ್ಕೆ ಬಾರದೆಹೋದರು. ರಕ್ಷಣಾ ಸಾಧನಗಳಿಲ್ಲದೆ ಈ ಕೆಲಸವನ್ನು ಮಾಡಿಸಕೂಡದೆಂದು 2013ರ ಅಧಿನಿಯಮವು ನಿಷೇಧಿಸಿತು. ಮೃತರ ಕುಟುಂಬಕ್ಕೆ ಸಲ್ಲತಕ್ಕ ಪರಿಹಾರವನ್ನು 2023ರಲ್ಲಿ ಸರ್ವೋಚ್ಚ ನ್ಯಾಯಾಲಯವು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಹೋದ ಪ್ರಾಣವು ಹಣದಿಂದ ಮರಳದು. ಆದುದರಿಂದ ನಮ್ಮ ಶೋಧಕ ಯಂತ್ರಕ್ಕೆ ಒಳಚರಂಡಿಯನ್ನೇ ಕ್ಷೇತ್ರವಾಗಿ ಆರಿಸಿಕೊಳ್ಳೋಣ.

ಮೊದಲು ಶತ್ರುವಿನ ಸ್ವರೂಪವನ್ನು ತಿಳಿಯಬೇಕು. ಶುದ್ಧವಾದ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಆಮ್ಲಜನಕವಿರುತ್ತದೆ. ಮುಚ್ಚಿದ ಗುಂಡಿಯಲ್ಲಿ ಅದು ಬಹಳ ಕುಗ್ಗಿರಬಹುದು. ಮೀಥೇನ್ ಅನಿಲವು ಗಾಳಿಯಲ್ಲಿ ನೂರಕ್ಕೆ 5ರಿಂದ 15 ಪಾಲಿನವರೆಗೆ ಬೆರೆತಾಗ ಒಂದು ಕಿಡಿಗೇ ಸ್ಫೋಟಿಸುತ್ತದೆ. ಹೈಡ್ರೋಜನ್ ಸಲ್ಫೈಡು ಇವೆರಡಕ್ಕಿಂತ ಕಪಟಿಯಾದುದು. ಅಲ್ಪಪ್ರಮಾಣದಲ್ಲಿ ಕೊಳೆತ ಮೊಟ್ಟೆಯ ನಾತವನ್ನು ಬೀರುವ ಅದು, ಪ್ರಮಾಣವು ಹೆಚ್ಚಿದಾಗ ಘ್ರಾಣಶಕ್ತಿಯನ್ನೇ ಕುಂದಿಸಿಬಿಡುತ್ತದೆ. ನಾತವಿಲ್ಲವಾದುದರಿಂದ ವಿಷವಿಲ್ಲವೆಂದು ನಂಬಿದವನು ಕೆಡುತ್ತಾನೆ.

ಈ ಮೋಸವೇ ತಂತ್ರಾಂಶಕ್ಕೂ ಸಂಭವಿಸಬಹುದೆಂಬುದನ್ನು ತಾವು ಗಮನಿಸಬೇಕು. ಕೆಟ್ಟುಹೋದ ಸೆನ್ಸರು ಸೊನ್ನೆಯನ್ನು ತೋರಿಸಿದರೆ, ಅಜಾಗರೂಕತೆಯಿಂದ ಬರೆದ ತಂತ್ರಾಂಶವು ಅದನ್ನು ‘ವಿಷವಿಲ್ಲ’ ಎಂದು ಓದುತ್ತದೆ. ಆದುದರಿಂದ ‘ವಿಷವಿಲ್ಲ’ ಎಂಬುದೂ ‘ತಿಳಿಯದು’ ಎಂಬುದೂ ಬೇರೆ ಬೇರೆ ಉತ್ತರಗಳೆಂದು ಯೋಜನೆಯ ಮೊದಲನೆಯ ಪುಟದಲ್ಲಿಯೇ ಬರೆದುಕೊಳ್ಳತಕ್ಕದ್ದು.

ಎರಡನೆಯದು, ಹಿಂದಿರುಗುವ ವಿಧಾನ. ನೆಲದಡಿಯಲ್ಲಿ ರೇಡಿಯೋ ಅಲೆಗಳು ಚೆನ್ನಾಗಿ ಸಾಗವು. ಮೇಲಿನವರೊಡನೆ ಸಂಪರ್ಕವು ಕಡಿದಾಗ ಯಂತ್ರವು ತಾನಾಗಿಯೇ ನಿಂತು, ಬಂದ ದಾರಿಯಲ್ಲಿ ಮರಳಬೇಕು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಮುಂದೆ ನಡೆಸುವ ಭಾಗವನ್ನು ಮೊದಲು ಬರೆದು, ನಿಲ್ಲಿಸುವ ಭಾಗವನ್ನು ಕೊನೆಯ ವಾರಕ್ಕೆ ಬಿಡುತ್ತಾರೆ. ಈ ಕ್ರಮವು ತಲೆಕೆಳಗಾಗಬೇಕು. ಇಲ್ಲಿಗೆ ಸಮೀಪದ ಪೀಣ್ಯದಲ್ಲಿರುವ ಇಸ್ರೋ ಕೇಂದ್ರದಿಂದ ಚಂದ್ರಯಾನ-3ರ ಕಾರ್ಯವು ನಡೆದುದನ್ನು ತಾವು ಬಲ್ಲಿರಿ. 2023ರ ಆಗಸ್ಟ್ 27ರಂದು ಪ್ರಜ್ಞಾನ್ ಬಂಡಿಯ ಮುಂದೆ 3 ಮೀಟರು ದೂರದಲ್ಲಿ 4 ಮೀಟರು ವ್ಯಾಸದ ಕುಳಿಯೊಂದು ಕಾಣಿಸಲು, ಮರಳಿ ಬರುವಂತೆ ಅದಕ್ಕೆ ಆಜ್ಞೆಯಾಯಿತು. ಆ ಹಿಂಜರಿಕೆಯನ್ನು ಯಾರೂ ಸೋಲೆನ್ನಲಿಲ್ಲ. ಬಂಡಿಯು ಬೇರೆ ದಾರಿಯನ್ನು ಹಿಡಿದು ಮುಂದುವರಿಯಿತು.

ಇನ್ನು ಕೆಲಸದ ಹಂಚಿಕೆ. ಸೆನ್ಸರುಗಳನ್ನು ಓದುವುದು, ಚಲನೆ, ಸಂಪರ್ಕ, ಮೇಲಿನವರು ನೋಡುವ ಪರದೆ ಎಂದು ನಾಲ್ಕು ಭಾಗಗಳನ್ನು ಮಾಡಿಕೊಂಡು, ಒಂದೊಂದಕ್ಕೂ ಒಬ್ಬರು ಹೊಣೆಯಾಗಲಿ. ಮೊದಲು ಗಣಕದಲ್ಲಿಯೇ ಕಲ್ಪಿತ ಅಂಕಿಗಳಿಂದ ಪರೀಕ್ಷಿಸಿರಿ. ಬೇಕೆಂದೇ ಸೆನ್ಸರಿನ ತಂತಿಯನ್ನು ಕಿತ್ತು ನೋಡಿರಿ. ಬಳಿಕ ಒಣಗಿದ, ತೆರೆದ ಕಾಲುವೆಯಲ್ಲಿ ಓಡಿಸಿರಿ. ವಿದ್ಯಾರ್ಥಿಗಳ ಯಂತ್ರದ ಮೋಟಾರಿನ ಕಿಡಿಯೇ ಮೀಥೇನಿಗೆ ಸಾಕಾಗುವುದರಿಂದ, ನಿಜವಾದ ಮ್ಯಾನ್‌ಹೋಲಿನ ಬಳಿಗೆ ಅದನ್ನು ಒಯ್ಯಲೇಕೂಡದು.

ಕಡೆಯದಾಗಿ ಒಂದು ಎಚ್ಚರಿಕೆ. ನಿಮ್ಮ ಪರದೆಯ ಮೇಲೆ ಹಸಿರು ದೀಪವು ಹತ್ತಿದೊಡನೆ, ‘ಇನ್ನು ಆಳನ್ನು ಇಳಿಸಬಹುದು’ ಎನ್ನುವವರು ಇದ್ದೇ ಇರುತ್ತಾರೆ. ಕೊಳೆಯನ್ನು ಕಲಕಿದೊಡನೆ ಅಡಗಿದ್ದ ಅನಿಲವು ಮೇಲೇಳುತ್ತದೆ. ಒಂದು ಗಳಿಗೆಯ ಹಿಂದಿನ ವರದಿಯು ಈ ಗಳಿಗೆಗೆ ಪ್ರಮಾಣವಾಗಲಾರದು. ಆದುದರಿಂದ ಆ ಪರದೆಯಲ್ಲಿ ಹಸಿರು ದೀಪವನ್ನೇ ಇಡಬೇಡಿರಿ. ಅಡಚಣೆ ಎಲ್ಲಿದೆ, ಮೇಲಿನಿಂದಲೇ ಯಂತ್ರದಿಂದ ಅದನ್ನು ತೆಗೆಯುವುದು ಹೇಗೆ ಎಂಬುದನ್ನಷ್ಟೇ ಅದು ತಿಳಿಸಲಿ. ಮನುಷ್ಯನನ್ನು ಇಳಿಸಲು ಅಪ್ಪಣೆ ಕೊಡುವ ಸಾಧನವಾದರೆ ನಮ್ಮ ವಿದ್ಯೆಯು ವ್ಯರ್ಥ.