ಇಟ್ಟಿಗೆ ರಾಶಿಯ ಪಕ್ಕದ ಡೇರೆ

ಕಟ್ಟಡ ಕಾರ್ಮಿಕರ ಮಕ್ಕಳನ್ನು ಕುರಿತ ಈ ಚಿತ್ರಪ್ರದರ್ಶನವನ್ನು ತೆರೆಯುವ ಮೊದಲು ಇನ್ನೊಂದು ಪ್ರದರ್ಶನದ ಕಥೆ ಹೇಳಲೇಬೇಕು.

1969, ಗಾಂಧೀಜಿಯ ಜನ್ಮಶತಾಬ್ದಿ. ದೆಹಲಿಯ ರಾಜಘಾಟದ ಬಳಿ ಅವರ ಬದುಕನ್ನು ತೋರಿಸುವ ಪ್ರದರ್ಶನಕ್ಕೆ ಮಂಟಪಗಳು ಏಳುತ್ತಿದ್ದವು. ಕಲ್ಲುಮಣ್ಣು ಹೊರುತ್ತಿದ್ದವರು ಊರು ಬಿಟ್ಟು ಬಂದವರು. ಅವರ ಕೂಸುಗಳು ಬಿಸಿಲು, ಧೂಳಿನಲ್ಲೇ ಮಲಗಿದ್ದವು. ಹಿಂದಿ ಕಾದಂಬರಿಕಾರ್ತಿ ಮೀರಾ ಮಹಾದೇವನ್ ಅದನ್ನು ಕಂಡು ಆ ಮಕ್ಕಳಿಗಾಗಿ ಅಲ್ಲೇ ಒಂದು ಡೇರೆ ಹಾಕಿಸಿದರು. ಮೊಬೈಲ್ ಕ್ರೆಷಸ್ ಸಂಸ್ಥೆ ಹುಟ್ಟಿದ್ದು ಹಾಗೆ.

ಅಲ್ಲಿಂದ ಕೆಲಸ 1972ರಲ್ಲಿ ಮುಂಬೈಗೆ, 1981ರಲ್ಲಿ ಪುಣೆಗೆ ಹಬ್ಬಿತು. ಕಟ್ಟಡ ಮುಗಿದರೆ ಕುಟುಂಬಗಳು ಗಂಟುಮೂಟೆ ಕಟ್ಟುತ್ತವೆ. ಶಿಶುಪಾಲನಾ ಕೇಂದ್ರವೂ ಹೊಸ ಜಾಗ ಹುಡುಕುತ್ತದೆ. ಹಾಲೂಡಿಸುವ ತಾಯಿ ಕೆಲಸದ ನಡುವೆ ಬಂದು ಹೋಗಬಹುದು. ಮಕ್ಕಳ ತೂಕ ನೋಡುತ್ತಾರೆ, ಬಿಸಿಯೂಟ ಕೊಡುತ್ತಾರೆ, ಲಸಿಕೆ ತಪ್ಪದಂತೆ ನಿಗಾ ಇಡುತ್ತಾರೆ. ಇದರ ದೊಡ್ಡ ಫಲ ಕಾಣುವುದು ಅಕ್ಕನಲ್ಲಿ. ತಮ್ಮನನ್ನು ಸೊಂಟದ ಮೇಲೆ ಹೊತ್ತು ದಿನ ಕಳೆಯುವ ಏಳೆಂಟು ವರ್ಷದ ಹುಡುಗಿಯ ಕೈ ಬಿಡುವಾಗುತ್ತದೆ. ಅವಳು ಶಾಲೆಗೆ ಹೋಗಬಹುದು.

ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬೆಂಗಳೂರಿಗೆ ಗುಳೆ ಬರುವ ದಂಪತಿಯ ಮುಂದೆ ಪ್ರತಿ ಸಲವೂ ಅದೇ ಪ್ರಶ್ನೆ: ಮಕ್ಕಳನ್ನು ಅಜ್ಜಿಯ ಬಳಿ ಬಿಡುವುದೋ, ಜೊತೆಗೆ ಕರೆತರುವುದೋ? ಬಿಟ್ಟರೆ ಮತ್ತೆ ಮುಖ ನೋಡುವುದು ಹಬ್ಬಕ್ಕೋ ಜಾತ್ರೆಗೋ. ಕರೆತಂದರೆ ನೋಡಿಕೊಳ್ಳುವವರಿಲ್ಲ. ದೇಶದಲ್ಲಿ ಎಲ್ಲಿ ಬೇಕಾದರೂ ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಮಕ್ಕಳನ್ನು ಅಗಲದೆ ನೆಲೆಸುವುದಕ್ಕೆ ಮಾತ್ರ ಒಂದು ಕೋಣೆ, ಒಬ್ಬ ಶಿಕ್ಷಕಿ, ಶುದ್ಧ ನೀರು ಬೇಕು.

ಕಾನೂನು ಇದನ್ನು ಮರೆತಿರಲಿಲ್ಲ. ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಜಾಗದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ವಿಧಿಸಿತು. ಆದರೆ ಹೆಂಡತಿಯ ಕೂಲಿಯನ್ನೂ ಗಂಡನ ಲೆಕ್ಕಕ್ಕೇ ಸೇರಿಸಿ, ಅವಳ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯದೇ ಹೋದರೆ ಆ ಐವತ್ತು ತುಂಬುತ್ತಿದ್ದುದೆಂದು? ಹಕ್ಕು ಸೋರಿಹೋಗುತ್ತಿದ್ದುದು ಇಲ್ಲೇ.

ನರೇಗಾ ಕೂಲಿಕಾರರ ಮಕ್ಕಳಿಗಾಗಿ ಕರ್ನಾಟಕ ಸರ್ಕಾರ 2023ರಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ಊರಿನಲ್ಲಿ ಆಗುವುದು ನಗರದಲ್ಲೂ ಆಗಬೇಕು. ಕಟ್ಟಡ ನಿರ್ಮಿಸುವವರು ಸಿಮೆಂಟ್ ಗೋದಾಮಿಗೆ ಜಾಗ ಗುರುತಿಸುವ ದಿನವೇ ಮಕ್ಕಳ ಕೋಣೆಗೂ ಜಾಗ ಗುರುತಿಸಲಿ. ಮೇಸ್ತ್ರಿ ಹೆಂಗಸರ ಹೆಸರನ್ನು ಅವರವರ ಸಾಲಿನಲ್ಲೇ ಬರೆಯಲಿ. ಈ ಕೋರಿಕೆಯೊಂದಿಗೆ ಪ್ರದರ್ಶನ ಉದ್ಘಾಟನೆಯಾಗಿದೆ.